ಭಾವನ ಉಸಿರು ಉಳಿದದ್ದು

ಇವತ್ತು ಬೆಳಿಗ್ಗೆ ಶ್ರೀನಿವಾಸಪುರದ ಲ್ಯಾಬಿನಲ್ಲಿ ಶುಗರ್ ಪರೀಕ್ಷೆಗೆಂದು ಕೈ ಚಾಚಿದೆ. ಅಲ್ಲಿನ ಹುಡುಗಿ ಸ್ಪಿರಿಟ್ ಹತ್ತಿ ಒರೆಸಿದಳು ನೋಡಿ, ಆ ವಾಸನೆಗೆ ಭಾವ ನೆನಪಾದರು. ಸೂಜಿ ಕಂಡರೆ ಮುಖ ಆಚೆ ತಿರುಗಿಸುವವನು ನಾನು. ಅವರ ಜೊತೆ ಆಸ್ಪತ್ರೆಗೆ ಓಡಾಡಲು ಅಕ್ಕ ಆರಿಸಿದ್ದು ನನ್ನನ್ನೇ!

ಭಾವ ಮುಳಬಾಗಿಲಿನವರು, ನಾಗಸ್ವರ ವಿದ್ವಾಂಸರು. ಕತ್ತಿನಲ್ಲಿ ಗಂಟು ಕಾಣಿಸಿದಾಗ, "ಓಲಗ ಊದೋನ ಕತ್ತು ಉಬ್ಬದೆ ಇರ್ತದೇನ್ಲಾ?" ಎಂದು ತಳ್ಳಿಹಾಕಿದ್ದರು. ಜ್ವರ ಮಾತ್ರ ಬಿಡಲಿಲ್ಲ. ಗಂಟಿನ ಚೂರು ತೆಗೆದು ಪರೀಕ್ಷಿಸಿದಾಗ ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾಯಿತು. ವಾಸಿಯಾಗುವಂಥದ್ದೇ ಎಂದರು ಕೋಲಾರದ ಡಾಕ್ಟರಮ್ಮ. "ನಾಲ್ಕು ಔಷಧಿ ಸೇರಿಸಿ ಕೊಡ್ತೀವಿ. ಅದ್ರಲ್ಲೊಂದು ಶ್ವಾಸಕೋಶಕ್ಕೆ ತೊಂದರೆ ಮಾಡಬಹುದು."

ಭಾವ ಎದ್ದು ನಿಂತರು. "ಉಸಿರೇ ಹೋದ್ಮೇಲೆ ಬದುಕಿ ಏನಮ್ಮಾ ಮಾಡ್ಲಿ? ಅದೊಂದು ಬಿಟ್ಟು ಕೊಡಿ."

"ಈಗ್ಲೇ ಬಿಟ್ಟು ಕಾಯಿಲೆ ಉಳ್ಕೊಂಡ್ರೆ? ಎರಡು ಸುತ್ತು ಆಗ್ಲಿ. ಸ್ಕ್ಯಾನ್ ನೋಡಿ ಮುಂದಿಂದು ತೀರ್ಮಾನ ಮಾಡೋಣ."

ಭಾವ ಕುಳಿತರು. ಪ್ರತಿ ಸಲವೂ ಮೊದಲು ರಕ್ತಪರೀಕ್ಷೆ, ಅದು ಸರಿಯಿದ್ದರೆ ಡ್ರಿಪ್‌ನಲ್ಲಿ ಔಷಧಿ. ಮನೆಯಲ್ಲಿ ನಾಗಸ್ವರ ಗೋಡೆಯ ಮೊಳೆಗೆ ತೂಗುತ್ತಿತ್ತು. ಅವರು ಅತ್ತ ನೋಡುತ್ತಲೇ ಇರಲಿಲ್ಲ.

ಎರಡು ಸುತ್ತು ಮುಗಿದು ಪೆಟ್ ಸ್ಕ್ಯಾನ್ ಆಯಿತು. ಸಕ್ಕರೆಯಂಥ ಔಷಧಿ ಚುಚ್ಚಿ ತೆಗೆಯುವ ಚಿತ್ರವದು. ಕ್ಯಾನ್ಸರ್ ಗಂಟಿನಂತೆ ಸಕ್ಕರೆ ಹೆಚ್ಚು ತಿನ್ನುವ ಜಾಗ ಹೊಳೆಯುತ್ತದೆ. ಡಾಕ್ಟರಮ್ಮ ಚಿಕಿತ್ಸೆಗೆ ಮುಂಚೆ ತೆಗೆದಿದ್ದ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು. ಹೊಸದರಲ್ಲಿ ತಲೆ ಧಗಧಗ ಹೊಳೆಯುತ್ತಿತ್ತು. "ಅಯ್ಯೋ, ತಲೆಗೂ ಹತ್ತಿಬಿಟ್ಟಿದೆ!" ಎಂದು ಕೂಗಿಯೇಬಿಟ್ಟೆ.

ಡಾಕ್ಟರಮ್ಮ ನಕ್ಕರು. "ಮೆದುಳು ಯಾವಾಗ್ಲೂ ಸಕ್ಕರೆ ತಿನ್ನುತ್ತೆ ಸಾರ್. ಎಲ್ರದ್ದೂ ಹಿಂಗೇ ಹೊಳೆಯುತ್ತೆ, ಹಳೇ ಚಿತ್ರದಲ್ಲೂ ಇದೆ ನೋಡಿ."

"ನಮ್ ಬಾಮೈದಂದು ಹೊಳೆಯಲ್ಲ ಬಿಡಿ ಅಮ್ಮಾ," ಎಂದರು ಭಾವ. ಎಷ್ಟೋ ವಾರಗಳ ನಂತರ ಅವರು ಆಡಿದ ಮೊದಲ ತಮಾಷೆ. ನನ್ನ ಮರ್ಯಾದೆ ಹೋದರೂ ಖುಷಿಯಾಯಿತು.

ಡಾಕ್ಟರಮ್ಮ ಬೆರಳನ್ನು ಚಿತ್ರದ ಕತ್ತಿನ ಮೇಲಿಟ್ಟರು. ಮೊದಲು ಬೆಳಕಿನ ಗೊಂಚಲಿದ್ದಲ್ಲಿ ಈಗ ಏನೂ ಇರಲಿಲ್ಲ. ಎದೆಯಲ್ಲೂ ಇಲ್ಲ. "ಆ ಔಷಧಿ ಇನ್ನು ಬೇಡ. ಉಳಿದ ಮೂರು ಸಾಕು." ಭಾವ ಎರಡೂ ಕೈ ಮುಗಿದರು.

ಚಿಕಿತ್ಸೆ ಮುಗಿದು ವರ್ಷ ದಾಟಿದೆ. ಮೊನ್ನೆ ಮಾಲೂರಿನ ಮದುವೆಯೊಂದರಲ್ಲಿ ಭಾವನದೇ ವಾದ್ಯ. ಮುಹೂರ್ತದ ಹೊತ್ತಿಗೆ ಡೋಲು, ನಾಗಸ್ವರ ಸೇರಿ ಛತ್ರವೇ ನಡುಗುತ್ತಿತ್ತು. ಅಕ್ಕನಿಗೆ ಅಕ್ಷತೆ ಕೊಡೋಣವೆಂದು ತಿರುಗಿದೆ. ಆ ಗದ್ದಲದ ನಡುವೆ, ಕುರ್ಚಿಗೆ ಒರಗಿ, ಬಾಯಿ ತುಸು ತೆರೆದು, ಅವಳು ಗಾಢ ನಿದ್ದೆಯಲ್ಲಿದ್ದಳು. ಕಾಯಿಲೆಯ ತಿಂಗಳುಗಳಲ್ಲಿ ರಾತ್ರಿಯೆಲ್ಲ ಗಂಡನ ಉಸಿರಿಗೆ ಕಿವಿಗೊಟ್ಟು ಎದ್ದು ಕೂರುತ್ತಿದ್ದವಳು.

ಅವಳ ಪಾಲಿನ ಅಕ್ಷತೆಯನ್ನೂ ನಾನೇ ಹಾಕಿ ಬಂದೆ.