ಗಟಾರ ಕಾಯುವ ಉಮೆಸಲ್ಮಾ
ಸುರಪುರದಾಚೆಯ ಆ ಸಣ್ಣ ಹಳ್ಳಿಯಲ್ಲಿ ಉಮೆಸಲ್ಮಾಳ ಬಾಯಿಗೆ ಹೆದರದವರಿಲ್ಲ. ಊರ ಗಟಾರದ ನೀರು ಸೋಸಿ ತಿಳಿಯಾಗಲೆಂದು ಅವಳ ಮನೆಯ ಹಿಂದೆ ಜಲ್ಲಿ ತುಂಬಿ, ಜೊಂಡು ನೆಟ್ಟು ಹೊಂಡ ಕಟ್ಟಿದಂದಿನಿಂದ, ಯಾರೂ ನೇಮಿಸದಿದ್ದರೂ ಅವಳೇ ಅದರ ಕಾವಲು. ಗಟಾರಕ್ಕೆ ಗುಟ್ಕಾ ಚೀಟಿ ಬಿದ್ದರೂ ಸಾಕು, "ನೀ ಉಣ್ಣೋ ಗಂಗಾಳದಾಗ ಒಗಕೋ ಹೋಗು!" ಎಂದು ಓಣಿಗೆಲ್ಲ ಕೇಳುವಂತೆ ಬೈಯುತ್ತಾಳೆ. ಮೊನ್ನೆ ಸೂಗಪ್ಪನ ಮಗಳ ಮದುವೆಯಲ್ಲಿ ಎಂಜಲೆಲೆ, ಮಿಕ್ಕ ಅನ್ನವನ್ನೆಲ್ಲ ಗಟಾರಕ್ಕೇ ಸುರಿದರು. ಹೊಂಡದ ಬಾಯಿ ಕಟ್ಟಿಕೊಂಡು ಕೊಳೆನೀರು ಉಕ್ಕಿತು. ಉಮೆಸಲ್ಮಾ ಅದನ್ನೆಲ್ಲ ಬುಟ್ಟಿಗೆ ಬಾಚಿ, ಸೋರುತ್ತಿದ್ದ ಹಾಗೆಯೇ ಹೊತ್ತು ತಂದು, ಊಟದ ಪಂಕ್ತಿಯ ನಡುವೆ ಕುಕ್ಕಿದಳು. "ಅಕ್ಕಾ, ಮದುವಿ ಮನಿ ಐತಿ. ಇವತ್ತೊಂದಿನ ಸುಮ್ಮನಿರಬಾರದೇನ?" ಎಂದ ಸೂಗಪ್ಪ. ಅವಳ ದನಿ ಮೊದಲ ಬಾರಿಗೆ ತಗ್ಗಿತು. "ಈ ಹೊಂಡ ಇಲ್ಲದಾಗ ನಿಮ್ಮ ಗಟಾರದ ನೀರು ಖಬರಸ್ತಾನಕ್ಕ ನುಗ್ಗತಿತ್ತು. ನನ್ನ ಗಂಡಗ ತೋಡಿದ ಕುಣ್ಯಾಗ ಅದ ನೀರು ನಿಂತಿತ್ತು. ಬಕೀಟಿಲೆ ಎತ್ತಿ ಚೆಲ್ಲಿದಾವ ನೀನ ಅಲ್ಲೇನೋ, ಸೂಗಪ್ಪಾ?" ಸೂಗಪ್ಪ ಹೆಗಲ ಮೇಲಿನ ಜರಿಶಲ್ಯ ತೆಗೆದಿಟ್ಟ. ಬುಟ್ಟಿಯನ್ನು ತಾನೇ ಒಯ್ದು ತಿಪ್ಪೆಗೆ ಸುರಿದು, ಸಲಿಕೆ ಹಿಡಿದು ಹೊಂಡದ ಕಡೆ ನಡೆದ. ಅವಳು ಬೈಯುತ್ತಲೇ ಅವನ ಹಿಂದೆ ಹೋದಳು.