ಹೊರಗೆ ಕೂತವಳ ಜ್ವರ

ಹೆಂಗಸರ ಮೈಕೈ ನೋವನ್ನು ನಮ್ಮ ಕಡೆ ಯಾರೂ ರೋಗದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂಪ್ಲಿಗೆ ಕೊಟ್ಟ ನನ್ನ ಅಕ್ಕ ಹೋದ ಮಳೆಗಾಲದಲ್ಲಿ ಕಣ್ಣುಗುಡ್ಡೆಯ ಹಿಂದೆ ನೋವು, ಕೀಲುಕೀಲಿನಲ್ಲೂ ನೋವು ಅಂದಾಗ, “ಭತ್ತದ ನಾಟಿ ಹಚ್ಚಿ ಬಂದೀ, ನೋಯದ ಇರತೈತೇನು?” ಎಂದು ಮನೆಯವರು ನಕ್ಕರಂತೆ. ನಾಟಿ ಹಚ್ಚುವವರಿಗೆ ಕಣ್ಣೇಕೆ ನೋಯಬೇಕು? ಅದನ್ನು ಯಾರೂ ಕೇಳಲಿಲ್ಲ. ಮೈ ಕಾದು ಕೆಂಡವಾದ ಮೇಲೆ ಓಣಿಯ ಡಾಕ್ಟರ ಹತ್ತಿರ ಒಯ್ದು ಒಂದು ಸೂಜಿ ಮಾಡಿಸಿದರು. ರಕ್ತ ಪರೀಕ್ಷೆ ಮಾಡಿಸಿ ಎಂದು ಆತನೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ನಾನಿರುವುದು ಸಂಡೂರಿನಲ್ಲಿ. ಹೊಲಿಗೆ ಮಾಡುತ್ತೇನೆ, ಒಪ್ಪಿಕೊಂಡ ಕೆಲಸ ಬಿಟ್ಟು ಕೂಡಲೇ ಎದ್ದು ಓಡುವಂತಿರಲಿಲ್ಲ. ಫೋನ್ ಮಾಡಿ ವಿಚಾರಿಸುತ್ತಿದ್ದೆ. ಒಂದು ಬೆಳಿಗ್ಗೆ ಅಕ್ಕನ ಅತ್ತೆಯೇ ಫೋನ್ ಎತ್ತಿ, “ಜ್ವರ ಬಿಟ್ಟೈತವ್ವಾ, ಇನ್ನೇನೂ ಚಿಂತಿಲ್ಲ. ಈಗ ಹೊರಗ ಕುಂತಾಳ” ಅಂದರು. ಅವರ ಮನೆಯಲ್ಲಿ ಮುಟ್ಟಾದವರು ಇಂದಿಗೂ ಹಿತ್ತಿಲ ತಗಡಿನ ಶೆಡ್ಡಿನಲ್ಲಿ ಬೇರೆ ಕೂರಬೇಕು. ಜ್ವರದಿಂದ ಎದ್ದವಳನ್ನು ಅಲ್ಲಿ ಕೂರಿಸಿದರೆಂದು ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಅಕ್ಕನ ಕೈಗೆ ಫೋನ್ ಕೊಡಿ ಅಂದರೆ, ಹೊರಗೆ ಕೂತವಳ ಕೈಗೆ ಹೆಂಗ ಕೊಡಾಕ ಬರತೈತಿ ಅಂದರು. ಹೊಲಿಗೆ ಅಲ್ಲಿಗೇ ಬಿಟ್ಟು ಹೊಸಪೇಟೆ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ನನಗೆ ನೆನಪಾದದ್ದು ಗದ್ದೆ. ಕೆಸರಿನಲ್ಲಿ ಸಾಲಾಗಿ ಬಗ್ಗಿ ನಾಟಿ ಹಚ್ಚುವಾಗ ಯಾರು ಹೊರಗಾಗಿದ್ದಾರೆ ಎಂದು ಒಬ್ಬ ಗಂಡಸೂ ಕೇಳಿದ್ದನ್ನು ನಾನು ಕಂಡಿಲ್ಲ. ಹೊರಗಾದವಳು ಹಚ್ಚಿದ ಸಸಿ ಆಗುತ್ತದೆ, ಅದರ ಅನ್ನವೂ ಆಗುತ್ತದೆ. ದುಡಿಮೆಗಿಲ್ಲದ ಮೈಲಿಗೆ ಮನೆ ಬಾಗಿಲಿಗೆ ಬಂದ ಕೂಡಲೇ ಎಲ್ಲಿಂದ ಅಂಟಿಕೊಳ್ಳುತ್ತದೋ!

ಕಂಪ್ಲಿ ಮುಟ್ಟಿ ನೋಡಿದರೆ, ಶೆಡ್ಡಿನಲ್ಲಿ ಅಕ್ಕ ಗೋಡೆಗೊರಗಿ ಕೂತಿದ್ದಳು. ಶೆಡ್ಡಿನಾಚೆ ಹಿತ್ತಿಲಲ್ಲಿ ನೀರು ತುಂಬಿದ ಡ್ರಮ್ಮುಗಳು, ಒಂದಕ್ಕೂ ಮುಚ್ಚಳವಿಲ್ಲ. ನಲ್ಲಿ ಬಂದಾಗ ಹಿಡಿದಿಡದಿದ್ದರೆ ಕುಡಿಯಲು ನೀರಿಲ್ಲ. ಹಿಡಿದಿಟ್ಟರೆ ಪುರಸಭೆಯ ಮೈಕಿನವರು ಬಂದು ನೀರು ನಿಲ್ಲಿಸಬೇಡಿ ಎಂದು ನಮಗೇ ಬುದ್ಧಿ ಹೇಳುತ್ತಾರೆ. ಸೊಳ್ಳೆ ಹುಟ್ಟುವುದು ಹಿತ್ತಿಲಲ್ಲಿ, ಹೊಗೆ ಬಿಡುವ ಗಾಡಿ ಓಡುವುದು ದೊಡ್ಡ ರಸ್ತೆಯಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು.

“ಮುಟ್ಟಬ್ಯಾಡವಾ” ಎಂದು ಅತ್ತೆ ಬಾಗಿಲಿಂದಲೇ ಕೂಗಿದರು. ನಾನು ಮುಟ್ಟಿದೆ. ಕೈ ಬಾವಿ ನೀರಿನಷ್ಟು ತಣ್ಣಗಿತ್ತು, ಬೆವರಿತ್ತು. ಮೊಣಕೈ ಕೆಳಗೆ ಸಣ್ಣ ಸಣ್ಣ ಕೆಂಪು ಚುಕ್ಕಿ. ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದಳು. ಉಟ್ಟ ಸೀರೆ ನೋಡಿದರೆ ಅದು ತಿಂಗಳ ಮುಟ್ಟಿನ ರಕ್ತದಂತಿರಲಿಲ್ಲ, ಚಾಪೆಯೂ ತೊಯ್ದಿತ್ತು. ಅವಳನ್ನು ಆ ಮನೆಯಲ್ಲಿ ಯಾರಾದರೂ ಒಮ್ಮೆ ಮುಟ್ಟಿದ್ದರೆ ಸಾಕಿತ್ತು, ಗೊತ್ತಾಗುತ್ತಿತ್ತು.

“ಅತ್ತೀ, ನಿಮ್ಮ ಮಡಿ ನೀವ ಇಟ್ಕೊರ್ರಿ. ನಿಮ್ಮ ಮಗನ್ನ ಕರೀರಿ, ಜಲ್ದಿ ಗಾಡಿ ತರಲಿ” ಎಂದು ಕಿರುಚಿದೆ. ಅಕ್ಕನ ಗಂಡ ಗಾಬರಿಯಾಗಿ ಗಾಡಿ ತಂದ. ಹೊಸಪೇಟೆಯ ಆಸ್ಪತ್ರೆ ಮುಟ್ಟುವವರೆಗೆ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕರೆದರೆ ಹೂಂಗುಡುತ್ತಿದ್ದಳು, ಆಮೇಲೆ ಅದೂ ನಿಂತಿತು. ಅಕ್ಕ ಹೋದಳು ಎಂದೇ ನಾನು ಅಂದುಕೊಂಡೆ.

ಡೆಂಗಿ ಅಂದರು. ಸಲೈನ್ ಹಚ್ಚುತ್ತಲೇ ಡಾಕ್ಟರಮ್ಮ ಅಕ್ಕನ ಗಂಡನನ್ನು ಗದರಿದರು: “ಜ್ವರ ಇಳಿದ ಕೂಡಲೇ ಆರಾಮಾಯ್ತು ಅಂತ ಬಿಟ್ಟುಬಿಡೋದಾ? ಇದರಲ್ಲಿ ಜ್ವರ ಇಳಿದ ಮೇಲೇ ಅಪಾಯ. ಹೊಟ್ಟೆನೋವು, ವಾಂತಿ, ಸುಸ್ತು, ಎಲ್ಲಿಂದಾದರೂ ರಕ್ತ ಕಂಡರೆ ತಕ್ಷಣ ಕರ್ಕೊಂಡು ಬರಬೇಕು. ರಕ್ತ ಯಾವಾಗಿಂದ ಹೋಗ್ತಿದೆ?”

ಅವನು ನೆಲ ನೋಡಿದ. “ಹೆಣ್ಮಕ್ಕಳ ವಿಷಯ ರೀ, ನಾವು ಕೇಳಂಗಿಲ್ಲ” ಅಂದ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಅವನ ಕಣ್ಣಲ್ಲಿ ನೀರಿದ್ದದ್ದು ಕಂಡರೂ ನನ್ನ ಸಿಟ್ಟು ಇಳಿಯಲಿಲ್ಲ.

ಮಾರನೆಯ ದಿನ ಸಂಜೆ ಅಕ್ಕ ಕಣ್ಣು ಬಿಟ್ಟಳು. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ.

“ಹೇಳಾಕ ಏನಾಗಿತ್ತು ನಿನಗ? ಬಾಯಿಗೆ ಬೀಗ ಹಾಕ್ಕೊಂಡಿದ್ದೇನು?”

“ಹೇಳಿದ್ನಲ್ಲೇ” ಅಂದಳು ಅಕ್ಕ, ನಿಧಾನವಾಗಿ. “ನಂದು ಮೊನ್ನಿ ಮೊನ್ನೇನ ಮುಗದೈತಿ, ಇದು ಅದಲ್ಲ ಅಂದೆ. ನಮಗ ಎಲ್ಲಾ ಗೊತ್ತೈತಿ, ಸುಮ್ಮನ ಕುಂದ್ರು ಅಂದ್ರು. ಭಾಳ ನೀರಡಿಕೆ ಆಗಿತ್ತು. ನೀರು ಕೇಳಿದ್ರ ತಂಬಿಗಿ ಬಾಗಿಲ್ದಾಗ ಇಟ್ಟು ಹ್ವಾದ್ರು. ಅಲ್ಲೀತನಕ ತೆವಳಾಕ ಆಗಲಿಲ್ಲ ನನಗ.”