ಮೂರು ಕೆಂಪು ಹೊಲಿಗೆ

ಒಂದಾನೊಂದು ಊರಿನಲ್ಲಿ, ನೆಲದಿಂದ ಹದಿನಾಲ್ಕು ಮೆಟ್ಟಿಲು ಕೆಳಗೆ, ಇಬ್ಬರು ಗೆಳತಿಯರಿದ್ದರಂತೆ. ಒಬ್ಬರು ಹರಿದದ್ದನ್ನು ಹೊಲಿಯುವವರು, ಇನ್ನೊಬ್ಬರು ಸುಕ್ಕಾದದ್ದನ್ನು ನೀವಿ ನೇರ ಮಾಡುವವರು. ಅಜ್ಜಿ ಹೇಳುವ ಕಥೆಯಾಗಿದ್ದರೆ ಅಂಥವರ ಬಾಗಿಲಿಗೆ ಒಬ್ಬ ರಕ್ಕಸಿ ಬರಬೇಕಿತ್ತು. ಇಲ್ಲಿ ಬಂದದ್ದು ಒಂದು ಸ್ಕ್ಯಾನಿಂಗ್ ವರದಿ. ರಕ್ಕಸಿಯಾದರೆ ಬಾಗಿಲು ಬಡಿದಾಳು. ವರದಿ ಲಕೋಟೆಯೊಳಗೆ ಸದ್ದಿಲ್ಲದೆ ಕೂತಿತ್ತು.

ಅಂತೆಕಂತೆಯಲ್ಲ, ಆ ನೆಲಮಾಳಿಗೆ ಈಗಲೂ ಇದೆ. ಬೆಳಗಿನ ಐದೂಕಾಲು. ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹಬೆ ಸುಯ್‌ಗುಡುತ್ತಿದೆ. ಇಸ್ತ್ರಿ ಮೇಜಿನ ಮುಂದೆ ನಿಂತ ಹೆಂಗಸಿಗೆ ಎಲ್ಲರೂ ಮಡಿಕೆಯಕ್ಕ ಎನ್ನುತ್ತಾರೆ, ಅವರು ಹಾಕಿದ ಮಡಿಕೆ ಅಷ್ಟು ಚೊಕ್ಕ. ಹೊಸಬರು ಬಾಯ್ತಪ್ಪಿ ‘ಮಡಕೆಯಕ್ಕ’ ಎಂದುಬಿಡುತ್ತಾರೆ. “ಹಂಗೇ ಕರೀರಪ್ಪ, ಒಲೆ ಮೇಲೆ ಇಡಬೇಡಿ ಅಷ್ಟೇ” ಎಂದು ಅವರು ನಗುತ್ತಾರೆ. ಇವತ್ತು ನಗುತ್ತಿಲ್ಲ. ಎಂಟು ಗಂಟೆಗೆ ನಾಲ್ಕನೇ ಮಹಡಿಯಲ್ಲಿ ಸೂಜಿಯಕ್ಕನ ಹೊಟ್ಟೆಯ ಗಡ್ಡೆ ತೆಗೆಯುತ್ತಾರೆ.

ಸೂಜಿಯಕ್ಕ ಅಂದರೆ ಎದುರು ಮೂಲೆಯ ಹೊಲಿಗೆ ಯಂತ್ರದವರು. ಇಬ್ಬರದೂ ಇಲ್ಲಿ ಇಪ್ಪತ್ತೆರಡು ವರ್ಷ. ಮಡಿಕೆಯಕ್ಕ ದಿನಕ್ಕೆ ನಾನ್ನೂರು ಹೊದಿಕೆಗೆ ಇಸ್ತ್ರಿ ಹಾಕುತ್ತಾರೆ. ನಿಂತು ನಿಂತು ಕಾಲಿನ ನರಗಳು ಹುರಿಯಂತೆ ಉಬ್ಬಿವೆ. ಏಳು ವರ್ಷದ ಹಿಂದೆ ಹಬೆಯ ಕೊಳವೆ ಸಿಡಿದು ಬಲಗೈ ಮೊಣಕೈವರೆಗೆ ಬೆಂದಿತ್ತು. ಆಗ ಮೂರು ತಿಂಗಳು ದಿನವೂ ಮನೆಗೆ ಬಂದು ಅವರಿಗೆ ತುತ್ತು ತಿನ್ನಿಸಿ, ತಲೆ ಬಾಚಿದ್ದು ಸೂಜಿಯಕ್ಕ. “ಎಷ್ಟು ಬಿಗಿಯಾಗಿ ಜಡೆ ಹೆಣೀತಿದ್ಲು ಅಂದ್ರೆ, ಕೈನೋವು ಮರೆತು ತಲೆನೋವು ಶುರುವಾಗೋದು!”

ಇಬ್ಬರೂ ಭಾನುವಾರ ಚರ್ಚಿನಲ್ಲಿ ಒಂದೇ ಬೆಂಚಿನವರು. ಸುವಾರ್ತೆಯಲ್ಲಿ ಮಡಿಕೆಯಕ್ಕನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ದೊಡ್ಡ ಪವಾಡಗಳಲ್ಲ. ಖಾಲಿ ಸಮಾಧಿಯಲ್ಲಿ ಬೇರೆಯಾಗಿ ಮಡಿಚಿಟ್ಟಿದ್ದ ಆ ತಲೆವಸ್ತ್ರ. “ಸಾವನ್ನೇ ಗೆದ್ದು ಎದ್ದವನಿಗೆ ಎಷ್ಟು ಕೆಲಸ ಇರ್ಬೇಕು ಹೇಳಿ! ಆದ್ರೂ ಬಟ್ಟೆ ಮಡಚಿಟ್ಟು ಹೋದ. ನಮ್ಮನೇಲಿ ಎದ್ದವರು ಹೊದಿಕೆ ಒದ್ದು ಹೋಗ್ತಾರೆ.” ಅದಕ್ಕೇ ಪ್ರತಿ ಮಡಿಕೆಗೂ ಅವರದೊಂದು ಪುಟ್ಟ ಪ್ರಾರ್ಥನೆ: ಹೊದ್ದವರು ಏಳಲಿ, ಸ್ವಾಮಿ.

ಆದರೆ ಎಲ್ಲ ಹೊದಿಕೆಯೂ ಏಳುವವರಿಗಲ್ಲ. ಇಲ್ಲಿನ ಬಿಳಿ ಹೊದಿಕೆಗಳ ಒಂದು ಮೂಲೆಯಲ್ಲಿ ಗುರುತಿನ ದಾರ ಇರುತ್ತದೆ. ವಾರ್ಡಿನದಕ್ಕೆ ಮೂರು ಚಿಕ್ಕ ಕೆಂಪು ಹೊಲಿಗೆ. ಶವಾಗಾರಕ್ಕೆ ಹೋಗುವ ಹನ್ನೆರಡಕ್ಕೆ ಒಂದೇ ಒಂದು ಉದ್ದನೆಯ ಕಪ್ಪು ಹೊಲಿಗೆ. ರೋಗಿಗಳಿಗೆ ಇದು ತಿಳಿಯದು. ಸೂಜಿಯಕ್ಕನಿಗೆ ಕತ್ತಲಲ್ಲೂ ಬೆರಳಿಗೇ ತಿಳಿಯುತ್ತದೆ.

ನಿನ್ನೆ ಸಂಜೆ ವಾರ್ಡಿನಲ್ಲಿ ಅವರು ಗೆಳತಿಯ ಮಣಿಕಟ್ಟು ಹಿಡಿದುಕೊಂಡರು. “ಆ ಕಪ್ಪು ದಾರ ಹಾಕಿದ್ದು ನಾನೇ ಕಣೇ, ಹನ್ನೆರಡಕ್ಕೂ. ಹಾಕುವಾಗ ಅದು ಯಾರಿಗೋ ಅಂದ್ಕೊಂಡಿದ್ದೆ.”

“ಬಾಯ್ಮುಚ್ಚೇ. ನೀನು ಎದ್ದು ನನ್ನ ತಲೆ ತಿನ್ನೋದು ಇನ್ನೂ ಬೇಕಾದಷ್ಟಿದೆ.”

“ಮಾತು ಕೊಡು. ಕಣ್ಣು ಬಿಡೋಕೆ ಮೊದಲೇ ನನ್ನ ಬೆರಳು ಮೂಲೆ ಹುಡುಕತ್ತೆ. ಅಲ್ಲಿ ಆ ಉದ್ದದ್ದು ಸಿಕ್ರೆ ನಾನು ಕಣ್ಣೇ ಬಿಡಲ್ಲ.”

“ಮೂರು ಹೊಲಿಗೇದೇ ಇರತ್ತೆ, ನಾನು ಇಸ್ತ್ರಿ ಹಾಕಿದ್ದೇ. ಆಣೆ ಪ್ರಮಾಣ ಬೇಡ, ನನ್ನ ಮಾತು ಸಾಕು.”

ಆರಕ್ಕೆ ಬಟ್ಟೆಯ ಗಾಡಿ ಮೇಲೆ ಹೋಗುತ್ತದೆ. ಏಳೂವರೆಗೆ ಕಪಾಟಿಗೆ ಬೀಗ ಹಾಕುವ ಮುನ್ನ ಮಡಿಕೆಯಕ್ಕ ಕಪ್ಪು ದಾರದವನ್ನು ಎಣಿಸುತ್ತಾರೆ. ಹನ್ನೊಂದು. ಮತ್ತೆ ಎಣಿಸುತ್ತಾರೆ. ಬೆರಳಿಗೆ ಉಗುಳು ಹಚ್ಚಿ ಮೂರನೇ ಸಲವೂ ಎಣಿಸುತ್ತಾರೆ. ಹನ್ನೊಂದೇ. ಇವತ್ತು ಶವಾಗಾರಕ್ಕೆ ಒಂದೂ ಹೋಗಿಲ್ಲ, ಹನ್ನೆರಡನೆಯದು ಆರರ ಗಾಡಿಯಲ್ಲೇ ಮೇಲೆ ಹೋಗಿರಬೇಕು.

ಗುರುತಿನ ಮೂಲೆ ಯಾವಾಗಲೂ ಮೇಲೆ ಬರುವಂತೆ ಮಡಚುವುದು ಅವರ ಪದ್ಧತಿ. ಇವತ್ತು ಗೆಳತಿಯನ್ನು ನೆನೆದು, ಕಣ್ಣು ಮುಚ್ಚಿ, ಕೈ ರೂಢಿಯಲ್ಲೇ ಮಡಚಿಟ್ಟಿದ್ದರು. “ಪ್ರಾರ್ಥನೆಗೆ ಕಣ್ಣು ಮುಚ್ಚಬೇಕು, ಇಸ್ತ್ರಿಗೆ ತೆರೀಬೇಕು. ನಾನು ಎರಡನ್ನೂ ಒಟ್ಟಿಗೇ ಮಾಡಿಬಿಟ್ಟೆ” ಎನ್ನುವಾಗ ಅವರ ತುಟಿ ಒಣಗಿದೆ. ಇಪ್ಪತ್ತೆರಡು ವರ್ಷದಲ್ಲಿ ಕೈ ತಪ್ಪಿದ್ದು ಇದೊಂದೇ ಸಲ.

ದಾರಕ್ಕೆ ಪ್ರಾಣ ತೆಗೆಯುವ ಶಕ್ತಿಯಿಲ್ಲವೆಂದು ಅವರಿಗೂ ಗೊತ್ತು. ಪಾದ್ರಿಗಳು ಕೇಳಿದರೆ ಗದರಿಯಾರು. ಆದರೆ ಹೆದರಿ ಮಲಗಿದವಳ ಬೆರಳಿಗೆ ಪಾದ್ರಿಗಳ ಮಾತು ಹೇಳುವವರು ಯಾರು?

ಮಡಿಕೆಯಕ್ಕ ಮೆಟ್ಟಿಲು ಹತ್ತುತ್ತಾರೆ. ಒಂದೊಂದೇ ವಾರ್ಡು, ಒಂದೊಂದೇ ಮಂಚ, ಒಂದೊಂದೇ ಮೂಲೆ. ಎರಡನೇ ಮಹಡಿಯ ಮುದುಕರೊಬ್ಬರು ಹೊದಿಕೆಯನ್ನು ಎದೆಗವಚಿಕೊಂಡು, “ಇದೇನ್ ತಾಯಿ, ಇನ್ನೂ ಬದುಕಿದೀನಿ ನಾನು, ಕಿತ್ಕೋಬೇಡಿ!” ಎನ್ನುತ್ತಾರೆ. ತಮಾಷೆಗೆ ಅಂದದ್ದು. ಮಡಿಕೆಯಕ್ಕ ಮೂಲೆ ಮಗುಚಿ ನೋಡಿ, ಹೊದಿಕೆಯನ್ನು ಮತ್ತೆ ಅವರ ಕತ್ತಿನವರೆಗೆ ಎಳೆದು ಹೊದಿಸುತ್ತಾರೆ.

ಹನ್ನೊಂದಕ್ಕೆ, ಬೆಳಗಿನ ಗಾಡಿಯ ಹೊದಿಕೆ ಹೋದ ಅರುವತ್ತಮೂರು ಮಂಚ ಮುಗಿದಿವೆ. ಎಲ್ಲವೂ ಕೆಂಪು. ಸೂಜಿಯಕ್ಕ ಇನ್ನೂ ಶಸ್ತ್ರಚಿಕಿತ್ಸೆಯ ಕೋಣೆಯಲ್ಲೇ ಇದ್ದಾರೆ. ಯಾಕಿಷ್ಟು ಹೊತ್ತು ಎಂದು ಹೇಳುವವರಿಲ್ಲ. ನೋಡಲು ಉಳಿದದ್ದು ಆ ಕೋಣೆಯ ಪಕ್ಕದ್ದೊಂದೇ. ಶಸ್ತ್ರಚಿಕಿತ್ಸೆ ಆದವರನ್ನು ಎಚ್ಚರವಾಗುವ ತನಕ ಮಲಗಿಸುವ, ಎಂಟು ಮಂಚದ ಕೋಣೆ. ಬಟ್ಟೆಕೋಣೆಯವರಿಗೆ ಅಲ್ಲಿ ಪ್ರವೇಶವಿಲ್ಲ.

ಅವರು ಕೆಳಗಿಳಿದು ಮತ್ತೆ ಮೇಜಿನ ಮುಂದೆ ನಿಲ್ಲುತ್ತಾರೆ. ಮೂರು ಹೊಲಿಗೆಯ ಹೊದಿಕೆಯೊಂದಕ್ಕೆ ಕಣ್ಣು ಮಿಟುಕಿಸದೆ ಇಸ್ತ್ರಿ ಹಾಕಿ, ಎದೆಗವಚಿಕೊಂಡು ನಾಲ್ಕು ಮಹಡಿ ಹತ್ತುತ್ತಾರೆ. ಬಾಗಿಲಲ್ಲಿ ನರ್ಸ್ ಅಡ್ಡ ನಿಲ್ಲುತ್ತಾರೆ.

“ಎಲ್ಲಿಗಮ್ಮಾ? ಇಲ್ಲಿ ಯಾರೂ ಬರಬಾರದು.”

“ನನ್ನಿಂದ ಒಂದು ತಪ್ಪಾಗಿದೆ, ಸಿಸ್ಟರ್. ಒಂದು ಹೊದಿಕೆ ಬದಲಾಯಿಸ್ಬೇಕು.”

“ಎಲ್ಲಾ ಬಿಳೀನೇ ಅಲ್ವಾ?”

“ನಿಮಗೆ ಬಿಳಿ.” ಮಡಿಕೆಯಕ್ಕ ನರ್ಸಿನ ಭುಜದಾಚೆ ಇಣುಕುತ್ತಾರೆ. “ಹೊಲಿಗೆಯವಳು… ಹೊಟ್ಟೇದು… ಆಚೆ ತಂದ್ರಾ?”

“ಈಗಷ್ಟೇ ತಂದ್ವಿ. ಇನ್ನೂ ಎಚ್ಚರ ಇಲ್ಲ.” ನರ್ಸ್ ಅವರ ಮುಖ ನೋಡಿ, ಬೆವರು ನೋಡಿ, ಪಕ್ಕಕ್ಕೆ ಸರಿಯುತ್ತಾರೆ. “ಚಪ್ಪಲಿ ಬಿಟ್ಟು ಕೈ ತೊಳ್ಕೊಳ್ಳಿ. ಎರಡು ನಿಮಿಷ, ಅಷ್ಟೇ.”

ಕಿಟಕಿ ಪಕ್ಕದ ಮಂಚ. ಸೂಜಿಯಕ್ಕನ ಮುಖ ಬೂದಿಬಣ್ಣಕ್ಕೆ ತಿರುಗಿದೆ. ಹೊದಿಕೆ ಎದೆಯ ಮೇಲೆ ಏಳುತ್ತದೆಯೋ ಇಲ್ಲವೋ ಎಂದು ಮಡಿಕೆಯಕ್ಕ ಉಸಿರು ಹಿಡಿದು ನೋಡುತ್ತಾರೆ. ಏಳುತ್ತದೆ. ಇಳಿಯುತ್ತದೆ. ಮೂಲೆ ಮಗುಚುತ್ತಾರೆ. ಉದ್ದನೆಯ, ಕಪ್ಪನೆಯ, ಒಂದೇ ಹೊಲಿಗೆ.

ಆ ಮೂಲೆಯಿಂದ ಒಂದು ಗೇಣು ದೂರದಲ್ಲಿ ಸೂಜಿಯಕ್ಕನ ತೋರುಬೆರಳು ಆಗಲೇ ಅಲುಗುತ್ತಿದೆ.

ಅವರು ಅವಸರ ಮಾಡುವುದಿಲ್ಲ. ಹೊಸದನ್ನು ಮೇಲೆ ಹರಡಿ, ಅದರ ಅಡಿಯಿಂದ ಹಳೆಯದನ್ನು ಕಾಲಿನ ಕಡೆಗೆ ಮೆಲ್ಲನೆ ಎಳೆದುಕೊಳ್ಳುತ್ತಾರೆ. ಮೈಗೆ ಗಾಳಿ ತಾಗುವುದಿಲ್ಲ, ಗಾಯದ ಪಟ್ಟಿ ಅಲುಗುವುದಿಲ್ಲ. ಗುರುತಿನ ಮೂಲೆಯನ್ನು ಗೆಳತಿಯ ಅಂಗೈಗೆ ತಾಗುವಂತೆ ಇಟ್ಟು ಕೈ ತೆಗೆಯುತ್ತಾರೆ.

ಬೆರಳು ತಡವುತ್ತದೆ. ನಿಲ್ಲುತ್ತದೆ. ಮೊದಲಿನಿಂದ ಮತ್ತೊಮ್ಮೆ ತಡವುತ್ತದೆ. ಸೂಜಿಯಕ್ಕ ಕಣ್ಣು ಬಿಡುತ್ತಾರೆ.

“ಇನ್ನೂ ಬಿಸಿ ಇದೆಯಲ್ಲೇ” ಎನ್ನುತ್ತಾರೆ.